ಎಲ್ಲ ಹುಡುಗರಿಗೂ ಒಂದು ನಾಯಿ

‘ನೈಟ್‌ಮೇರ್ ಆ್ಯಲಿ’ ಅನ್ನೋ ಹೆಸರಲ್ಲಿ ಎರಡು ಸಿನಿಮಾಗಳಿವೆ. ಎಡ್ಮಂಡ್ ಗೌಲ್ಡಿಂಗ್ ನಿರ್ದೇಶಿಸಿದ ಕಪ್ಪು-ಬಿಳುಪಿನದು 1947ರದ್ದು. ಇನ್ನೊಂದನ್ನು ಗಿಯೆರ್ಮೊ ದೆಲ್ ತೋರೊ 2021ರಲ್ಲಿ ಮಾಡಿದ್ದು. ಎರಡಕ್ಕೂ ಮೂಲ ವಿಲಿಯಂ ಲಿಂಡ್ಸೆ ಗ್ರೆಶಮ್ ಬರೆದ 1946ರ ಕಾದಂಬರಿ. ಅಮೆರಿಕದಲ್ಲಿ ಊರೂರು ತಿರುಗುವ ಕಾರ್ನಿವಲ್ ಒಂದನ್ನು ಸ್ಟಾನ್ ಎಂಬ ಯುವಕ ಸೇರಿಕೊಳ್ತಾನೆ. ಅಲ್ಲಿ ಜೀನಾ, ಪೀಟ್ ಎಂಬ ಗಂಡ-ಹೆಂಡತಿಯಿಂದ ‘ಮನಸ್ಸು ಓದುವ’ ವಿದ್ಯೆ ಕಲಿತು, ನಗರಕ್ಕೆ ಹೋಗಿ, ದುಡ್ಡಿದ್ದವರಿಗೆ ಸತ್ತವರ ಸುದ್ದಿ ಹೇಳುವವನಾಗ್ತಾನೆ. ಮುಂದೆ ಕತೆಯೆಲ್ಲ ಹೇಳಿಬಿಡ್ತೀನಿ, ಬೇಜಾರಾಗಬೇಡಿ.

ಹಳೆಯ ಚಿತ್ರದಲ್ಲಿ ಒಂದು ರಾತ್ರಿ, ಪೀಟ್ ಕುಡಿದ ಅಮಲಲ್ಲಿ ಸ್ಟಾನ್‌ನ ಬಾಲ್ಯವನ್ನು ಓದೋಕೆ ಶುರು ಮಾಡ್ತಾನೆ. ಬರಿಗಾಲಲ್ಲಿ ಓಡ್ತಿರೋ ಹುಡುಗ, ಜೊತೆಗೊಂದು ನಾಯಿ. ಸ್ಟಾನ್ ಮೈಮರೆತು ನಾಯಿಯ ಹೆಸರನ್ನೇ ಹೇಳಿಬಿಡ್ತಾನೆ. ಪೀಟ್‌ಗೆ ನಗು. ಎಲ್ಲ ಹುಡುಗರಿಗೂ ಒಂದು ನಾಯಿ ಇದ್ದೇ ಇರುತ್ತಲ್ಲಪ್ಪಾ! ನಮ್ಮ ಕಡೆ ಶಾಸ್ತ್ರ ಹೇಳೋರು ‘ಎಷ್ಟು ಮಾಡಿದ್ರೂ ನಿಮ್ಮವರೇ ನಿಮ್ಮನ್ನ ಅರ್ಥ ಮಾಡ್ಕೊಳ್ಳಲ್ಲ’ ಅಂತಾರಲ್ಲ, ಅದೂ ಇದೇ ಜಾತಿಯ ನಾಯಿ.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ‘ಇದು ನಿನ್ನ ಸ್ವಭಾವ’ ಅಂತ ಒಂದೊಂದು ಹಾಳೆ ಕೊಟ್ಟರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಹೆಚ್ಚಿನದು ಅಗ್ಗದ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಸರಾಸರಿ 5ಕ್ಕೆ 4ಕ್ಕಿಂತ ಜಾಸ್ತಿ ಅಂಕ ಬಂತು.

ಸರಿ, ಇದೆಲ್ಲ ಟ್ರಿಕ್ಕು ಅಂತ ಗೊತ್ತಾಯ್ತು. ಆದರೆ ಹೇಳುವವನೇ ಅದನ್ನ ಮನಸಾರೆ ನಂಬಿದ್ದರೆ? ಆಗ ಅವನು ಮೋಸಗಾರ ಹೇಗಾಗ್ತಾನೆ? ಈ ಪ್ರಶ್ನೆ ಯಾವಾಗಲೂ ಬರುತ್ತೆ. ರೇ ಹೈಮನ್ ಎಂಬ ಮನಶ್ಶಾಸ್ತ್ರಜ್ಞರು ಹದಿಹರೆಯದಲ್ಲಿ ದುಡ್ಡಿಗಾಗಿ ಕೈ ನೋಡ್ತಿದ್ದರು. ಗಿರಾಕಿಗಳು ತಲೆದೂಗೋದು ನೋಡಿ ನೋಡಿ, ಹಸ್ತರೇಖೆ ನಿಜ ಅಂತ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು. ಸ್ಟಾನ್ಲಿ ಜಾಕ್ಸ್ ಎಂಬ ಹಿರಿಯ ಕಲಾವಿದರೊಬ್ಬರು, ರೇಖೆ ಹೇಳೋದಕ್ಕೆ ಉಲ್ಟಾ ಹೇಳಿ ನೋಡು ಅಂದರು. ಹೇಳಿದರು. ಗಿರಾಕಿಗಳು ಅಷ್ಟೇ ಖುಷಿಯಾಗಿ ತಲೆದೂಗಿದರು!

ನನಗೆ ಇಲ್ಲಿ ಮುಖ್ಯ ಅನ್ಸೋದು, ಹೈಮನ್ ಪರೀಕ್ಷೆ ಮಾಡಿ ನೋಡಿದರು ಅನ್ನೋದು. ಮಾಡದೇ ಹೋಗಿದ್ದರೆ ಸಾಯುವವರೆಗೂ ‘ಪ್ರಾಮಾಣಿಕ’ರಾಗಿಯೇ ಇರ್ತಿದ್ದರು. ದೆಲ್ ತೋರೊ ಚಿತ್ರದಲ್ಲಿ ಪೀಟ್ ಈ ಸ್ಥಿತಿಗೇ ಹೆದರೋದು; ತನ್ನ ಸುಳ್ಳನ್ನ ತಾನೇ ನಂಬಿದವನು ಯಾರಿಗೂ ಬಗ್ಗಲ್ಲ ಅನ್ನೋದು ಅವನ ಅನುಭವ. ಕಸುಬಿನವರ ಭಾಷೆಯಲ್ಲಿ ಅಂಥವನಿಗೆ ‘ಶಟ್-ಐ’ ಅಂತಾರೆ, ಕಣ್ಮುಚ್ಚಿದವನು. ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತಿರುವವನಿಗೆ ಎಲ್ಲಿ ನಿಲ್ಲಿಸಬೇಕು ಅಂತಾದರೂ ಗೊತ್ತಿರುತ್ತೆ. ಜೀನಾಗೆ ಗೊತ್ತಿದೆ. ವೇದಿಕೆ ಮೇಲೆ ಏನು ಬೇಕಾದರೂ ಆಡ್ತಾಳೆ, ಆದರೆ ಸತ್ತವರನ್ನ ಆಟಕ್ಕೆ ಎಳೆಯಬಾರದು ಅಂತಾಳೆ. ಅವರಿಗೆ ಆಸೆ ಕೊಡೋದು ತಪ್ಪಾ ಅಂತ ಸ್ಟಾನ್ ಕೇಳಿದರೆ, ಸುಳ್ಳಾದ ಮೇಲೆ ಅದು ಆಸೆ ಹೇಗಾಯ್ತು ಅನ್ನೋ ಅರ್ಥದ ಉತ್ತರ ಅವಳದ್ದು.

ಇದೇ ಚಿತ್ರದಲ್ಲಿ ಜಡ್ಜ್ ಕಿಂಬಲ್ ಮತ್ತವರ ಹೆಂಡತಿ ಬರ್ತಾರೆ. ಮಗನನ್ನ ಕಳಕೊಂಡವರು. ಮಗ ನಿಮಗಾಗಿ ಕಾಯ್ತಿದ್ದಾನೆ, ಮುಂದೆ ಎಲ್ಲರೂ ಒಟ್ಟಿಗೆ ಇರ್ತೀರಿ ಅಂತ ಸ್ಟಾನ್ ಸಮಾಧಾನ ಮಾರ್ತಾನೆ. ಆಕೆ ಅದನ್ನ ಅಕ್ಷರಶಃ ನಂಬ್ತಾಳೆ. ನಂಬಿದ್ದಕ್ಕೇ ಗಂಡನಿಗೆ ಗುಂಡು ಹೊಡೆದು ತಾನೂ ಹೊಡಕೊಳ್ತಾಳೆ. ಮಗ ಕಾಯ್ತಿರುವಾಗ ತಡ ಯಾಕೆ? ‘ಪಾಪ, ನಾಲ್ಕು ಒಳ್ಳೆ ಮಾತು ಹೇಳಿದ್ರೆ ಏನು ನಷ್ಟ’ ಅನ್ನೋರಿಗೆ ನಾನು ತೋರಿಸೋದು ಈ ದೃಶ್ಯ. ದುಃಖದಲ್ಲಿರುವವರು ಕೇಳಿದ ಮಾತನ್ನ ಮನೆಗೆ ಒಯ್ದು ಅದರ ಮೇಲೆ ಏನೋ ಮಾಡ್ತಾರೆ: ಆಸ್ತಿ ಬರೆದುಕೊಡ್ತಾರೆ, ಔಷಧಿ ಬಿಡ್ತಾರೆ. ಹೇಳಿದವನು ಅಷ್ಟೊತ್ತಿಗೆ ಮುಂದಿನ ಮನೆಯಲ್ಲಿರ್ತಾನೆ.

ದೆಲ್ ತೋರೊ ಮೇಲೆ ನನ್ನ ತಕರಾರು ಇಲ್ಲೇ. ಇಷ್ಟು ದೊಡ್ಡ ಮಾತನ್ನ ಮುಟ್ಟಿದವರು ಅಲ್ಲಿ ನಿಲ್ಲೋದೇ ಇಲ್ಲ. ಸೆಟ್ಟು, ಹಿಮ, ಬಂಗಾರದ ಬಣ್ಣದ ಕೋಣೆಗಳ ಕಡೆ ಹೊರಟುಬಿಡ್ತಾರೆ. ಆಮೇಲೆ ಸಿಗುವ ದೊಡ್ಡ ಗಿರಾಕಿ ಗ್ರಿಂಡಲ್‌ನನ್ನ ಹೆಂಗಸರಿಗೆ ಹಿಂಸೆ ಕೊಟ್ಟ ದುಷ್ಟನನ್ನಾಗಿ ಮಾಡಿದ್ದಾರೆ. ಇಂಥವನಿಗೆ ಮೋಸವಾದರೆ ಯಾರಿಗೆ ಏನು ಅನ್ಸುತ್ತೆ? ಮೋಸದ ಪ್ರಶ್ನೆಯೇ ಕರಗಿಹೋಗಿ, ದುರಾಸೆಗೆ ಶಿಕ್ಷೆ ಅನ್ನೋ ನೀತಿಕತೆ ಉಳೀತದೆ.

ಹಳೆಯ ಚಿತ್ರದ ಗ್ರಿಂಡಲ್ ಸುಲಭಕ್ಕೆ ನಂಬದ ಒಬ್ಬ ಶ್ರೀಮಂತ, ಅಷ್ಟೇ. ಸತ್ತ ಪ್ರೇಯಸಿ ತೋಟದಲ್ಲಿ ಕಾಣಿಸಿಕೊಂಡಾಗ ಮೊಣಕಾಲೂರಿ ಪ್ರಾರ್ಥನೆಗೆ ತೊಡಗ್ತಾನೆ. ಆ ಪ್ರೇಯಸಿಯ ವೇಷದಲ್ಲಿರೋದು ಸ್ಟಾನ್‌ನ ಹೆಂಡತಿ ಮಾಲಿ. ಅವಳಿಗೆ ತಡೆಯೋಕಾಗಲ್ಲ. ವೇಷದಲ್ಲೇ ಅಳ್ತಾ, ಇದು ನನ್ನ ಕೈಲಾಗಲ್ಲ ಅಂತ ಆಟ ಕೆಡಿಸಿಬಿಡ್ತಾಳೆ. ಅವಳನ್ನ ಯಾರೂ ಹಿಡಿದುಹಾಕಿದ್ದಲ್ಲ, ವಾದದಲ್ಲಿ ಸೋಲಿಸಿದ್ದಲ್ಲ. ಎದುರಿಗಿರುವ ಮನುಷ್ಯ ನಿಜವಾಗಿ ನಂಬಿಬಿಟ್ಟ, ಅದನ್ನವಳು ಹತ್ತಿರದಿಂದ ನೋಡಿದಳು.

ಇನ್ನು ರೋಗಿಗಳ ಗುಟ್ಟನ್ನೆಲ್ಲ ರೆಕಾರ್ಡ್ ಮಾಡಿಟ್ಟು ಸ್ಟಾನ್‌ಗೆ ಒದಗಿಸುವ ಲಿಲಿತ್ ಎಂಬ ಮನಶ್ಶಾಸ್ತ್ರಜ್ಞೆ. ಇದು ಸಿನಿಮಾದ ಉತ್ಪ್ರೇಕ್ಷೆ ಅನ್ನೋ ಹಾಗಿಲ್ಲ. ಲಾಮರ್ ಕೀನ್ ಎಂಬ ಮಾಜಿ ಮಾಧ್ಯಮ, ಅಂದರೆ ಸತ್ತವರ ಜೊತೆ ಮಾತಾಡ್ತೀನಿ ಅಂತಿದ್ದವನು, ತನ್ನ ಮೋಸವನ್ನೆಲ್ಲ ಒಪ್ಪಿಕೊಂಡು 1976ರಲ್ಲಿ ‘ದಿ ಸೈಕಿಕ್ ಮಾಫಿಯಾ’ ಪ್ರಕಟಿಸಿದ. ಗಿರಾಕಿಗಳ ಮಾಹಿತಿಯನ್ನ ಕಾರ್ಡುಗಳಲ್ಲಿ ಬರೆದಿಟ್ಟು ಮಾಧ್ಯಮಗಳು ಪರಸ್ಪರ ಹಂಚಿಕೊಳ್ತಿದ್ದ ಬಗೆ ಅದರಲ್ಲಿದೆ.

ಪುರುಸೊತ್ತು ಒಂದಕ್ಕೇ ಇದ್ದರೆ ಹಳೆಯದನ್ನ ನೋಡಿ. ಕೊನೆಯ ಎರಡು ನಿಮಿಷ ಮಾತ್ರ, ಪ್ರೇಕ್ಷಕರು ನೊಂದುಕೊಂಡು ಮನೆಗೆ ಹೋಗಬಾರದು ಅಂತ ಸ್ಟುಡಿಯೋದವರು ಅಂಟಿಸಿದ ಹಾಗಿದೆ.