ಕಣ್ತುಂಬುವ ಚಿತ್ರ, ಕೈಬಿಟ್ಟ ಕಥೆ

ನಮ್ಮ ಐನಾಪುರದ ಹುಡುಗರಿಗೆ ಜಪಾನ್ ಈಗ ದೂರದ ದೇಶವಲ್ಲ. ಹಿಂದಿಗೆ ಡಬ್ ಆದ ಜಪಾನಿ ಕಾರ್ಟೂನ್‌ಗಳನ್ನು ಟಿ.ವಿ.ಯಲ್ಲಿ ನೋಡಿ ಬೆಳೆದವರು ಈಗ ಮೊಬೈಲ್‌ನಲ್ಲಿ ಅಲ್ಲಿಯ ಅನಿಮೆ ಧಾರಾವಾಹಿಗಳನ್ನು ಹುಡುಕಿ ನೋಡುತ್ತಾರೆ. "ಏನ್ ಚಿತ್ರ ತಗದಾರ್ರೀ, ನೀವೂ ಒಮ್ಮೆ ನೋಡ್ರಿ" ಎಂಬ ಅವರ ಒತ್ತಾಯಕ್ಕೆ ಮಣಿದು ನಾವು ನೋಡಿದ್ದು 'ಗಿಲ್ಟಿ ಕ್ರೌನ್'. ಚಿತ್ರಗಳ ಬಗ್ಗೆ ಹುಡುಗರು ಹೇಳಿದ್ದು ನೂರಕ್ಕೆ ನೂರು ನಿಜ. ಕಥೆಯ ಬಗ್ಗೆ ಮಾತ್ರ ನಮ್ಮದೊಂದು ತಕರಾರಿದೆ.

2011ರ ಅಕ್ಟೋಬರ್‌ನಿಂದ 2012ರ ಮಾರ್ಚ್‌ವರೆಗೆ ಜಪಾನಿನ ಫ್ಯೂಜಿ ಟಿ.ವಿ.ಯಲ್ಲಿ ಪ್ರಸಾರವಾದ 22 ಕಂತುಗಳ ಧಾರಾವಾಹಿ ಇದು. ತಯಾರಿಸಿದ್ದು ಹೆಸರಾಂತ ಪ್ರೊಡಕ್ಷನ್ ಐ.ಜಿ. ಸಂಸ್ಥೆ, ನಿರ್ದೇಶಕರು ಟೆಟ್ಸುರೊ ಅರಾಕಿ, ಸಂಗೀತ ಹಿರೊಯುಕಿ ಸವಾನೊ ಅವರದು. ಮುಂದೆ 2013ರಲ್ಲಿ 'ಅಟ್ಯಾಕ್ ಆನ್ ಟೈಟನ್' ಮೂಲಕ ಜಗತ್ತಿನ ಗಮನ ಸೆಳೆದದ್ದೂ ಇದೇ ನಿರ್ದೇಶಕ, ಇದೇ ಸಂಗೀತಗಾರ. ಹೀಗಿರುವಾಗ ಪ್ರತಿಭೆಯ ಕೊರತೆಯಿತ್ತು ಎನ್ನುವಂತಿಲ್ಲ. ಪಾಳುಬಿದ್ದ ಟೋಕಿಯೊ, ಮನುಷ್ಯರ ಮೈಯನ್ನು ಹರಳಾಗಿಸುವ ರೋಗ, ಕತ್ತಲಲ್ಲಿ ಬೆಳ್ಳಿಯ ಎಳೆಗಳಂತೆ ಬಿಚ್ಚಿಕೊಳ್ಳುವ ಬೆಳಕು. ಯಾವುದೇ ದೃಶ್ಯವನ್ನು ತಡೆದು ನಿಲ್ಲಿಸಿದರೂ ಗೋಡೆಗೆ ತೂಗುಹಾಕುವಂತಿದೆ.

ಕಥೆಯ ಬೀಜವೂ ಸಣ್ಣದಲ್ಲ. 2039ರ ಜಪಾನ್ ರೋಗದ ನೆಪದಲ್ಲಿ ಬಂದ ಹೊರಗಿನ ಸೈನ್ಯದ ಕೈಯಲ್ಲಿದೆ. ಶು ಎಂಬ ಅಂಜುಬುರುಕ ವಿದ್ಯಾರ್ಥಿಗೆ ಒಂದು ವಿಚಿತ್ರ ಶಕ್ತಿ ಸಿಗುತ್ತದೆ. ಎದುರಿಗಿದ್ದವರ ಎದೆಯೊಳಗೆ ಕೈಯಿಟ್ಟು ಅವರ ಮನಸ್ಸನ್ನೇ ಒಂದು ವಸ್ತುವಾಗಿ ಹೊರತೆಗೆಯಬಲ್ಲ. ಅದರ ಹೆಸರು 'ವಾಯ್ಡ್'. ಇನೊರಿ ಎಂಬ ಹುಡುಗಿಯ ಎದೆಯಿಂದ ಕತ್ತಿ ಬರುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತ ಅಯಾಸೆಯ ಎದೆಯಿಂದ ಅವಳನ್ನು ಓಡಿಸುವ, ಹಾರಿಸುವ ಪಾದರಕ್ಷೆಗಳು ಬರುತ್ತವೆ. ಹರೆ ಎಂಬ ಮೃದು ಸ್ವಭಾವದವಳ ಎದೆಯಿಂದ ಗಾಯಕ್ಕೆ ಕಟ್ಟುವ ಬಟ್ಟೆ ಬರುತ್ತದೆ. ಎಂಥ ಸುಂದರ ಕಲ್ಪನೆ!

ಸೈನ್ಯ ಕಟ್ಟಿದ ಗೋಡೆಯೊಳಗೆ ವಿದ್ಯಾರ್ಥಿಗಳು ಸಿಕ್ಕಿಬಿದ್ದಾಗ ಧಾರಾವಾಹಿ ತನ್ನ ನಿಜವಾದ ಪ್ರಶ್ನೆಗೆ ಬರುತ್ತದೆ. ಯಾರ ವಾಯ್ಡ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನೋಡಿ ಎಲ್ಲರಿಗೂ ದರ್ಜೆ ಕೊಡೋಣ ಎಂಬ ಸಲಹೆ ಬರುತ್ತದೆ. ಶು ಮೊದಲು ಒಪ್ಪುವುದಿಲ್ಲ. ಆದರೆ ಅವನನ್ನು ಬದುಕಿಸಲು ಹೋಗಿ ಹರೆ ಸತ್ತಾಗ ಅವನು ಕಲ್ಲಾಗುತ್ತಾನೆ. ದರ್ಜೆಯ ಪದ್ಧತಿ ಜಾರಿಗೆ ತರುತ್ತಾನೆ. ಕೆಳದರ್ಜೆಯವರು ದುಡಿಯಬೇಕು, ಅಪಾಯಕ್ಕೆ ಮುಂದಾಗಬೇಕು. ವಾಯ್ಡ್ ಮುರಿದರೆ ಅದರ ಒಡೆಯನೂ ಸಾಯುತ್ತಾನೆ ಎಂಬ ಸತ್ಯವನ್ನು ಅವರಿಂದ ಮುಚ್ಚಿಡಲಾಗುತ್ತದೆ. ನಾವು ಮೊಬೈಲ್ ಹತ್ತಿರಕ್ಕೆಳೆದು ಕುಳಿತದ್ದು ಈ ಘಟ್ಟದಲ್ಲೇ.

ಆದರೆ ನಾಲ್ಕು ಕಂತು ಕಳೆಯುವಷ್ಟರಲ್ಲಿ ಎಲ್ಲವೂ ಮಾಯ. ಸತ್ತುಹೋದ ನಾಯಕನೊಬ್ಬ ಮರಳಿ ಬಂದು ಶುವಿನ ಬಲಗೈ ಕಡಿಯುತ್ತಾನೆ, ಜಗತ್ತನ್ನೇ ಅಳಿಸುವ ಇನ್ನೊಂದು ಯುದ್ಧ ಶುರುವಾಗುತ್ತದೆ. ದರ್ಜೆಯ ಕೆಳಗೆ ನರಳಿದವರ ಮಾತೇ ಮತ್ತೆ ಮುಖ್ಯವಾಗುವುದಿಲ್ಲ. ಕೊನೆಗೆ ಶು ಎಲ್ಲರ ರೋಗವನ್ನೂ ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ, ಕಣ್ಣು ಕಳೆದುಕೊಳ್ಳುತ್ತಾನೆ. ತ್ಯಾಗ ದೊಡ್ಡದೇ. ಆದರೆ ತ್ಯಾಗ ಬೇರೆ, ಅನ್ಯಾಯಕ್ಕೊಳಗಾದವರ ಮುಂದೆ ನಿಂತು ಉತ್ತರ ಹೇಳುವುದು ಬೇರೆ. ಇನೊರಿಯ ಪಾಡೂ ಅಷ್ಟೇ. ಅವಳು ಹಾಡುತ್ತಾಳೆ, ಆಯುಧವಾಗುತ್ತಾಳೆ, ಅವನಿಗಾಗಿ ಇಲ್ಲವಾಗುತ್ತಾಳೆ. ಅವಳಿಗೆ ತನ್ನದೇ ಆದ ಬದುಕೊಂದನ್ನು ಕೊಡಲು ಕಥೆಗಾರರಿಗೆ ಪುರುಸೊತ್ತಿಲ್ಲ.

ನಮ್ಮ ಬೆಳಗಾವಿ ಸೀಮೆಯ 'ಸಂಗ್ಯಾ-ಬಾಳ್ಯಾ' ಸಣ್ಣಾಟ ಇಲ್ಲಿ ನೆನಪಾಗುತ್ತದೆ. ಅದಕ್ಕೆ ದೊಡ್ಡ ರಂಗಸಜ್ಜಿಕೆಯಿಲ್ಲ, ಬಯಲೇ ರಂಗ. ಗೆಳೆಯ ಈರ್ಯಾನ ಹೆಂಡತಿ ಗಂಗಿಯ ಮೇಲೆ ಕಣ್ಣು ಹಾಕಿದ ಸಂಗ್ಯಾ ಕೊನೆಗೆ ಪ್ರಾಣ ತೆರುತ್ತಾನೆ. ಮೊದಲ ತಪ್ಪಿನಿಂದ ಕೊನೆಯ ಕೊಲೆಯವರೆಗೆ ಕಥೆ ಯಾರನ್ನೂ ಕೈಬಿಡುವುದಿಲ್ಲ, ಯಾವ ತಪ್ಪನ್ನೂ ಮರೆಯುವುದಿಲ್ಲ. ಜನ ರಾತ್ರಿಯಿಡೀ ಕದಲದೆ ಕೂರುವುದು ಅದಕ್ಕೇ.

"ಇದು ಬರೀ ಮನರಂಜನೆ, ಇಷ್ಟೆಲ್ಲ ಯಾಕೆ?" ಎಂದು ಕೇಳಬಹುದು. ಮನರಂಜನೆಯೇ ಆಗಿದ್ದರೆ ನಮಗೂ ಬೇಸರವಿರಲಿಲ್ಲ. ಮನುಷ್ಯನ ಬೆಲೆಯನ್ನು ಅವನ ಉಪಯೋಗದಿಂದ ಅಳೆಯಬಹುದೇ ಎಂಬ ಪ್ರಶ್ನೆಯನ್ನು ಧಾರಾವಾಹಿಯೇ ಎತ್ತಿತು. ಅಂಕ ನೋಡಿ ಜಾಣರು, ದಡ್ಡರು ಎಂದು ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುವ ನಮ್ಮೂರುಗಳಿಗೆ ಅದು ಪರದೇಶದ ಪ್ರಶ್ನೆಯಲ್ಲ. ಹಿಂದಿನ ಬೆಂಚಿನ ಹುಡುಗ ಆ ಕಂತುಗಳನ್ನು ನೋಡುವಾಗ ತನ್ನ ಕಥೆಯನ್ನೇ ನೋಡುತ್ತಾನೆ. ಉತ್ತರಕ್ಕಾಗಿ ಕಾಯುತ್ತಾನೆ. ಅವನಿಗೆ ಸಿಗುವುದು ಇನ್ನೊಂದು ಸುಂದರ ಸ್ಫೋಟ ಮಾತ್ರ.

ಆದರೂ ಹುಡುಗರೇ, ನೋಡಿ. ಚಿತ್ರವನ್ನು ಮೆಚ್ಚಿಕೊಳ್ಳಿ, ಬಿಡಿಸುವುದನ್ನು ಕಲಿಯಿರಿ. ನಾಳೆ ನೀವೇ ಕಥೆ ಹೇಳಲು ಕುಳಿತಾಗ ಮಾತ್ರ, ನೀವೇ ಎತ್ತಿದ ಪ್ರಶ್ನೆಯನ್ನು ನಡುದಾರಿಯಲ್ಲಿ ಬಿಟ್ಟು ಹೋಗಬೇಡಿ.