ನವೆಂಬರ್‌ನಲ್ಲಿ ಯಾರ ಜೊತೆ ಆಡುವುದು?

ಹತ್ತು ಗೆಲುವು, ಎರಡು ಸೋಲು. ಸೋತಿದ್ದೂ ಸೀಸನ್ನಿನ ಮೊದಲೆರಡು ಪಂದ್ಯ: ಮಯಾಮಿಗೆ ಮೂರು ಅಂಕದಿಂದ, ಟೆಕ್ಸಸ್ ಎ ಅಂಡ್ ಎಂಗೆ ಒಂದೇ ಅಂಕದಿಂದ. ಅಲ್ಲಿಂದಾಚೆ ಸತತ ಹತ್ತು ಪಂದ್ಯ ಗೆದ್ದರೂ 2025ರ ಡಿಸೆಂಬರ್ 7ರಂದು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಪ್ಲೇಆಫ್ ಪಟ್ಟಿ ಹೊರಬಿದ್ದಾಗ ಹನ್ನೆರಡು ತಂಡಗಳಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಹೆಸರಿರಲಿಲ್ಲ. ಕೊನೆಯ ಜಾಗ ಮಯಾಮಿಯ ಪಾಲಾಗಿತ್ತು. ಸಿಟ್ಟಿನಲ್ಲಿ ನೋಟರ್ ಡೇಮ್, ಸಮಾಧಾನಕ್ಕೆಂದು ಸಿಗುವ ಬೌಲ್ ಪಂದ್ಯವನ್ನೂ ಆಡುವುದಿಲ್ಲ ಎಂದುಬಿಟ್ಟಿತು.

ಟಿವಿಯಲ್ಲಿ ಕೂತ ಪಂಡಿತರೆಲ್ಲ ಆಗ ಹಳೆಯ ರಾಗವನ್ನೇ ಎತ್ತಿಕೊಂಡರು: ಎಲ್ಲರ ಹಾಗೆ ಒಂದು ಕಾನ್ಫರೆನ್ಸ್, ಅಂದರೆ ಹೆಚ್ಚಾಗಿ ತಮ್ಮತಮ್ಮೊಳಗೇ ಆಡುವ ತಂಡಗಳ ಕೂಟ, ಸೇರಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ, ಒಂಟಿಯಾಗಿ ಮೆರೆಯುವ ಕಾಲ ಮುಗಿಯಿತು. ನನಗೇನೋ ಆ ಭಾನುವಾರದ ಪಟ್ಟಿ ಅಷ್ಟು ದೊಡ್ಡ ಸುದ್ದಿ ಎನಿಸಲಿಲ್ಲ. ಅದೇ ತಂಡ ಹಿಂದಿನ ಸೀಸನ್ನಿನಲ್ಲಷ್ಟೇ, ಯಾವ ಕಾನ್ಫರೆನ್ಸಿನ ಹಂಗೂ ಇಲ್ಲದೆ, ಫೈನಲ್ ತನಕ ಹೋಗಿ ಒಹಾಯೊ ಸ್ಟೇಟ್ ಎದುರು 34-23ರಿಂದ ಸೋತಿತ್ತು. ನಿಜವಾದ ಕೆಟ್ಟ ಸುದ್ದಿ ಬಂದದ್ದು ಅದೇ ಡಿಸೆಂಬರ್ ಕೊನೆಯಲ್ಲಿ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಎಸ್‌ಸಿ) ಜೊತೆಗಿನ ಮಾತುಕತೆ ಮುರಿದುಬಿತ್ತು. 1926ರಿಂದ ನಡೆದುಬಂದ ಪಂದ್ಯಕ್ಕೆ ವಿರಾಮ ಬಿತ್ತು.

ಎರಡನೇ ಮಹಾಯುದ್ಧದ ಮೂರು ವರ್ಷ, ಕೋವಿಡ್‌ನ ಒಂದು ವರ್ಷ ಬಿಟ್ಟರೆ ತಪ್ಪದೆ ನಡೆದ ಪಂದ್ಯ ಅದು. ಒಂದು ವರ್ಷ ಅಕ್ಟೋಬರ್ ಮಧ್ಯದಲ್ಲಿ ನೋಟರ್ ಡೇಮ್‌ನ ತವರು, ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ, ಇನ್ನೊಂದು ವರ್ಷ ನವೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ. ಇಂಡಿಯಾನಾದ ನವೆಂಬರ್ ಚಳಿ ಕ್ಯಾಲಿಫೋರ್ನಿಯಾದವರಿಗೆ ಆಗಿಬರುವುದಿಲ್ಲವೆಂದು ಮಾಡಿಕೊಂಡ ಏರ್ಪಾಡು. ಸೌತ್ ಬೆಂಡ್‌ನ ಶನಿವಾರ ಸಂಜೆ ಏಳೂವರೆ ಎಂದರೆ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಐದು. ಇಡೀ ಸೀಸನ್ನಿನಲ್ಲಿ ಅಲಾರಾಂ ಇಟ್ಟು ನೋಡುವಂಥದ್ದು ಎಂದು ನಾನು ಯಾರಿಗಾದರೂ ಹೇಳುತ್ತಿದ್ದರೆ ಅದು ಈ ಒಂದು ಆಟವನ್ನೇ.

ಅದೇಕೆ ನಿಂತಿತು? ಯುಎಸ್‌ಸಿ 2024ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಸೇರಿತು. ಹೆಸರಿಗೆ ಹತ್ತು, ಇರುವುದು ಹದಿನೆಂಟು ತಂಡ. ಹಿಂದೆಲ್ಲ ಪಶ್ಚಿಮ ಕರಾವಳಿಯಲ್ಲೇ ಓಡಾಡಿಕೊಂಡಿದ್ದ ತಂಡ ಈಗ ನ್ಯೂಜೆರ್ಸಿಯ ರಟ್ಗರ್ಸ್ ತನಕ ಹೋಗಬೇಕು, ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರ್. ಕಾನ್ಫರೆನ್ಸಿನೊಳಗೇ ಒಂಬತ್ತು ಪಂದ್ಯ. ಅದರ ನಡುವೆ ನೋಟರ್ ಡೇಮ್‌ನಂಥ ಇನ್ನೊಂದು ಪೆಟ್ಟು ಬೇಡ, ಆಡುವುದಾದರೆ ಸೀಸನ್ನಿನ ಆರಂಭದಲ್ಲೇ ಆಡೋಣ ಎಂಬುದು ಅವರ ವಾದ. ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಲೆಕ್ಕದಲ್ಲಿ ತಪ್ಪು ಹುಡುಕಲಾರೆ.

ಆ ಲೆಕ್ಕ ಸುಲಭದ್ದೇ. ಒಂದು ಸೀಸನ್ನಿಗೆ ಹನ್ನೆರಡು ಪಂದ್ಯ. ಬಿಗ್ ಟೆನ್, ಬಿಗ್ 12 ತಂಡಗಳು ಈಗಾಗಲೇ ಒಂಬತ್ತನ್ನು ಒಳಗೊಳಗೇ ಆಡುತ್ತವೆ. ಎಂಟಕ್ಕೆ ನಿಂತಿದ್ದ ಎಸ್‌ಇಸಿ ಕಾನ್ಫರೆನ್ಸ್ ಕೂಡ 2026ರಿಂದ ಒಂಬತ್ತಕ್ಕೆ ಏರುವುದಾಗಿ ಸಾರಿತು, ಎಸಿಸಿಯೂ ಬೆನ್ನಹಿಂದೆಯೇ ಬಂತು. ಉಳಿಯುವುದು ಮೂರು. ಆ ಮೂರರಲ್ಲೂ ಒಂದೋ ಎರಡೋ, ಚಿಕ್ಕ ತಂಡಕ್ಕೆ ದುಡ್ಡು ಕೊಟ್ಟು ಕರೆಸಿ ಗೆಲ್ಲುವ ಪಂದ್ಯ. ಹೆಚ್ಚಿನವು ಸೆಪ್ಟೆಂಬರ್‌ನಲ್ಲೇ ಮುಗಿಯುತ್ತವೆ. ಅಕ್ಟೋಬರ್ ಹುಟ್ಟಿತೆಂದರೆ ಎಲ್ಲರೂ ತಮ್ಮ ತಮ್ಮ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಾಗಿರುತ್ತದೆ. ಒಂಟಿಯಾಗಿ ಬಂದವನು ಬಾಗಿಲಲ್ಲಿ ನಿಂತು ಜಾಗ ಎಲ್ಲಿ ಎಂದು ನೋಡಬೇಕು. ಸ್ವತಂತ್ರ ತಂಡಗಳನ್ನು ದುಡ್ಡಿನ ಅಭಾವ ಕೊಲ್ಲುತ್ತದೆ ಎಂಬ ಮಾತನ್ನು ಬಹಳ ಕಾಲದಿಂದ ಕೇಳಿದ್ದೇವೆ. ಕೊಲ್ಲುವುದಾದರೆ ಕ್ಯಾಲೆಂಡರ್ ಕೊಲ್ಲುತ್ತದೆ.

ಇದನ್ನು ನೋಡಬೇಕಾದರೆ ಪೆಸಿಫಿಕ್ ತೀರಕ್ಕೆ ಹೋಗಬೇಕು. 1915ರಷ್ಟು ಹಳೆಯ ಬೇರಿನ ಪ್ಯಾಕ್-12 ಕಾನ್ಫರೆನ್ಸ್ 2022-23ರಲ್ಲಿ ಒಂದೇ ವರ್ಷದ ಆಚೀಚೆ ಖಾಲಿಯಾಯಿತು. ಮೊದಲು ಯುಎಸ್‌ಸಿ, ಯುಸಿಎಲ್‌ಎ, ಆಮೇಲೆ ಕೊಲೊರಾಡೊ, 2023ರ ಆಗಸ್ಟ್ 4ರಂದು ಒಂದೇ ದಿನ ಐದು ತಂಡ, ಕೊನೆಗೆ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ. ಪೆಸಿಫಿಕ್ ದಂಡೆಯ ಈ ಎರಡು ವಿಶ್ವವಿದ್ಯಾಲಯ ಸೇರಿದ್ದು ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್; ಭೂಗೋಳದ ಮೇಷ್ಟ್ರು ಯಾರೂ ಆ ಸಭೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. 2024ರಲ್ಲಿ ಎದುರಾಳಿಗಳು ಸಿಗಲೆಂದು ಅವು ಮೌಂಟನ್ ವೆಸ್ಟ್ ಕಾನ್ಫರೆನ್ಸಿಗೆ 1.4 ಕೋಟಿ ಡಾಲರ್ ತೆತ್ತವು. ಆ ಒಪ್ಪಂದ ಮುಂದುವರಿಯಲಿಲ್ಲ. 2025ರಲ್ಲಿ ಬೇರೆ ದಾರಿ ಕಾಣದೆ ಎರಡೂ ಪರಸ್ಪರ ಎರಡು ಸಲ ಆಡಿದವು, ನವೆಂಬರ್ 1ಕ್ಕೆ ಒಮ್ಮೆ, ನವೆಂಬರ್ 29ಕ್ಕೆ ಮತ್ತೊಮ್ಮೆ. ಇಂಥದ್ದು ಹಿಂದೆಯೂ ನಡೆದಿತ್ತು: 2018ರಲ್ಲಿ ಸ್ವತಂತ್ರವಾಗಿದ್ದ ಲಿಬರ್ಟಿ ಮತ್ತು ನ್ಯೂ ಮೆಕ್ಸಿಕೊ ಸ್ಟೇಟ್ ಒಂದೇ ಸೀಸನ್ನಿನಲ್ಲಿ ಎರಡು ಬಾರಿ ಮುಖಾಮುಖಿಯಾಗಿದ್ದವು. ಈಗ ಎರಡೂ ಕಾನ್ಫರೆನ್ಸ್ ಯುಎಸ್‌ಎಯಲ್ಲಿವೆ.

ಒಂಟಿತನ ಬಡವರ ಪಾಡಷ್ಟೇ ಆಗಿದ್ದ ಕಾಲವಲ್ಲ ಹಿಂದಿನದು. ಎಂಬತ್ತರ ದಶಕವನ್ನು ನೋಡಿ: 1982, 1986ರಲ್ಲಿ ಪೆನ್ ಸ್ಟೇಟ್, 1983, 1987, 1989ರಲ್ಲಿ ಮಯಾಮಿ, 1988ರಲ್ಲಿ ನೋಟರ್ ಡೇಮ್. ಹತ್ತು ವರ್ಷಗಳಲ್ಲಿ ಆರು ರಾಷ್ಟ್ರೀಯ ಪಟ್ಟ ಸ್ವತಂತ್ರರದ್ದೇ. ಆ ದಶಕದ ನಡುವೆ, 1984ರಲ್ಲಿ, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಯಾವ ತಂಡದ ಆಟ ಟಿವಿಯಲ್ಲಿ ಎಷ್ಟು ಸಲ ಬರಬೇಕೆಂದು ಅಲ್ಲಿಯವರೆಗೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳು ಅದು ಕಾನೂನುಬಾಹಿರ ಎಂದರು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಕೊಲೊರಾಡೊ ತಂಡದಲ್ಲಿ ಆಡಿ, ವೃತ್ತಿಪರ ಲೀಗಿನಲ್ಲೂ ಚೆಂಡು ಹಿಡಿದು ಓಡಿದ್ದ ಮನುಷ್ಯ. ಆಟವನ್ನು ಒಳಗಿನಿಂದ ಬಲ್ಲ ಆ ಒಬ್ಬರು ಬೇಡ ಎಂದದ್ದು ನನಗೆ ಆಗಾಗ ನೆನಪಾಗುತ್ತದೆ.

ತೀರ್ಪಿನಿಂದ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನ ಆಟವನ್ನು ತಾನೇ ಮಾರುವ ಹಕ್ಕು ಬಂತು. ಆದರೆ ಒಬ್ಬೊಬ್ಬರೇ ಮಾರಲು ಹೋದರೆ ಕೊಳ್ಳುವವರಿಲ್ಲ, ಗುಂಪಾಗಿ ಹೋದರೆ ಬೆಲೆ. ಹಾಗಾಗಿ 1990ರ ಸುಮಾರಿಗೆ ಸ್ವತಂತ್ರರೆಲ್ಲ ಒಬ್ಬರ ಹಿಂದೊಬ್ಬರು ನೆಲೆ ಹುಡುಕಿಕೊಂಡರು: ಪೆನ್ ಸ್ಟೇಟ್ ಬಿಗ್ ಟೆನ್‌ಗೆ, ಮಯಾಮಿ ಬಿಗ್ ಈಸ್ಟ್‌ಗೆ, ಫ್ಲಾರಿಡಾ ಸ್ಟೇಟ್ ಎಸಿಸಿಗೆ, ಸೌತ್ ಕ್ಯಾರೊಲೈನಾ ಎಸ್‌ಇಸಿಗೆ. ಒಬ್ಬರೇ ಹೋಗಿ ಬೆಲೆ ಕುದುರಿಸಿದ್ದು ನೋಟರ್ ಡೇಮ್. 1991ರಿಂದ ಅದರ ತವರು ಪಂದ್ಯಗಳು ಎನ್‌ಬಿಸಿ ಟಿವಿಯಲ್ಲಿ ಬರುತ್ತಿವೆ. ಈಗಿನ ಕರಾರು 2029ರವರೆಗೆ.

ಈ ಒಂಟಿತನ ಜಂಬದಿಂದ ಹುಟ್ಟಿದ್ದು ಎಂದು ಬೈಯುವವರಿಗೆ ಒಂದು ಮಾತು. ಶತಮಾನದ ಹಿಂದೆ ಈ ಕ್ಯಾಥೊಲಿಕ್ ಕಾಲೇಜು, ಇಂದು ಬಿಗ್ ಟೆನ್ ಎನ್ನುವ ಕಾನ್ಫರೆನ್ಸಿನ ಬಾಗಿಲನ್ನು ಒಂದಲ್ಲ, ಹಲವು ಸಲ ತಟ್ಟಿತ್ತು. ಮಿಶಿಗನ್‌ನ ಕೋಚ್ ಫೀಲ್ಡಿಂಗ್ ಯೋಸ್ಟ್ ಅಡ್ಡ ನಿಂತವರಲ್ಲಿ ಮುಖ್ಯರು. ನೆರೆಯವರು ಆಡಲು ಕರೆಯದಿದ್ದಾಗ ರೈಲು ಹತ್ತಿ ದೂರ ಹೋಗುವುದೇ ಗತಿ. 1913ರಲ್ಲಿ ವೆಸ್ಟ್ ಪಾಯಿಂಟ್‌ಗೆ ಹೋಗಿ, ಗಸ್ ಡೊರೆ ಎಸೆದ ಚೆಂಡನ್ನು ನೂಟ್ ರಾಕ್ನಿ ಹಿಡಿಯುತ್ತಾ, ಅಲ್ಲಿನ ಸೇನಾ ಅಕಾಡೆಮಿಯ ತಂಡ ಆರ್ಮಿಯನ್ನು 35-13ರಿಂದ ಮಣಿಸಿದಾಗ ದೇಶವೇ ತಿರುಗಿ ನೋಡಿತು. ರಾಕ್ನಿ ಕೋಚ್ ಆದ ಮೇಲೆ ಲಾಸ್ ಏಂಜಲೀಸ್‌ಗೂ ರೈಲು ಹೋಯಿತು. ಊರೂರು ತಿರುಗಿದ್ದರಿಂದಲೇ ಊರೂರಲ್ಲೂ ಅಭಿಮಾನಿಗಳಾದರು, ಅಭಿಮಾನಿಗಳಿದ್ದರಿಂದಲೇ ಎನ್‌ಬಿಸಿ ಬಂತು. ಇವತ್ತು ಪ್ಲೇಆಫ್ ಆಡಳಿತದ ಮೇಜಿನ ಸುತ್ತ ಕೂರುವವರು ಹತ್ತು ಕಾನ್ಫರೆನ್ಸುಗಳ ಕಮಿಷನರ್‌ಗಳು ಮತ್ತು ನೋಟರ್ ಡೇಮ್‌ನ ಕ್ರೀಡಾ ನಿರ್ದೇಶಕರು. ಒಂದೇ ಕಾಲೇಜಿಗೆ ಒಂದು ಕುರ್ಚಿ! 2024ರ ಪ್ಲೇಆಫ್‌ನಿಂದ ಬಂದ ಎರಡು ಕೋಟಿ ಡಾಲರನ್ನು ಅದು ಯಾರೊಂದಿಗೂ ಹಂಚಿಕೊಳ್ಳಬೇಕಾಗಲಿಲ್ಲ.

2025ರ ಸೀಸನ್ನಿನಲ್ಲಿ ಕಾನ್ಫರೆನ್ಸಿನ ಹೊರಗಿದ್ದ ಇನ್ನೊಂದೇ ತಂಡ ಕನೆಕ್ಟಿಕಟ್, ಅಭಿಮಾನಿಗಳ ಬಾಯಲ್ಲಿ ಯೂಕಾನ್. ಅದರದು ಬೇರೆಯೇ ಕಥೆ. ಅದು ಬ್ಯಾಸ್ಕೆಟ್‌ಬಾಲ್ ಊರು. ಬ್ಯಾಸ್ಕೆಟ್‌ಬಾಲನ್ನು ಹಳೆಯ ಬಿಗ್ ಈಸ್ಟ್‌ಗೆ ಮರಳಿ ಒಯ್ಯಲು 1.7 ಕೋಟಿ ಡಾಲರ್ ದಂಡ ತೆತ್ತು 2020ರಲ್ಲಿ ಅಮೆರಿಕನ್ ಕಾನ್ಫರೆನ್ಸ್ ಬಿಟ್ಟಾಗ, ಫುಟ್‌ಬಾಲ್ ಬೀದಿಗೆ ಬಿತ್ತು. ಆ ಹುಡುಗರು 2024ರಲ್ಲಿ ಒಂಬತ್ತು ಪಂದ್ಯ ಗೆದ್ದು, ಬೌಲ್‌ನಲ್ಲಿ ನಾರ್ತ್ ಕ್ಯಾರೊಲೈನಾವನ್ನು ಹೊಡೆದರು. 2025ರಲ್ಲೂ ಒಂಬತ್ತು ಗೆದ್ದರು, ಆಮೇಲೆ ಕೋಚ್ ಜಿಮ್ ಮೋರಾ ಕೊಲೊರಾಡೊ ಸ್ಟೇಟ್‌ಗೆ ಹೊರಟುಹೋದರು. ಆ ತಂಡ ಹಾಕಿಕೊಂಡ ವೇಳಾಪಟ್ಟಿಯನ್ನು ನಾನು ಮೆಚ್ಚುತ್ತೇನೆ, ಆದರೆ ಮಾದರಿ ಎನ್ನಲಾರೆ. ಕಾನ್ಫರೆನ್ಸ್ ಪಟ್ಟವಿಲ್ಲ, ನೋಟರ್ ಡೇಮ್‌ನ ಹೆಸರಿಲ್ಲ, ಅಂಥ ತಂಡಕ್ಕೆ ಪ್ಲೇಆಫ್ ಬಾಗಿಲು ತೆರೆಯುವುದು ಹೆಚ್ಚುಕಡಿಮೆ ಅಸಾಧ್ಯ.

ಆರ್ಮಿಯದು ಜಾಣತನ. ಒಮ್ಮೆ ಕಾನ್ಫರೆನ್ಸ್ ಸೇರಿ ಸುಟ್ಟುಕೊಂಡು (2003ರಲ್ಲಿ ಹದಿಮೂರಕ್ಕೆ ಹದಿಮೂರೂ ಸೋಲು), ಹೊರಬಂದು, ಎರಡು ದಶಕ ಒಂಟಿಯಾಗಿದ್ದು, 2024ರಲ್ಲಿ ಅಮೆರಿಕನ್ ಸೇರಿ ಮೊದಲ ವರ್ಷವೇ ಪಟ್ಟ ಗೆದ್ದಿತು. 1890ರಿಂದ ಆಡುತ್ತಿರುವ ತಂಡಕ್ಕೆ ಅದೇ ಮೊದಲ ಕಾನ್ಫರೆನ್ಸ್ ಕಿರೀಟ. ನೌಕಾ ಅಕಾಡೆಮಿಯ ತಂಡ ನೇವಿ ಜೊತೆಗಿನ ಡಿಸೆಂಬರ್ ಪಂದ್ಯವನ್ನು ಮಾತ್ರ ಕಾನ್ಫರೆನ್ಸ್ ಲೆಕ್ಕದಿಂದ ಹೊರಗಿಡಿಸಿಕೊಂಡಿತು. ಒಪ್ಪಿಸಬೇಕಾದ್ದನ್ನು ಒಪ್ಪಿಸಿ, ಬಿಡಬಾರದ್ದನ್ನು ಬಿಡಲಿಲ್ಲ.

ನೋಟರ್ ಡೇಮ್‌ಗೂ ಒಂದು ಆಸರೆಯಿದೆ. ಬೇರೆ ಹೆಚ್ಚಿನ ಆಟಗಳನ್ನು 2013ರಲ್ಲಿ ಎಸಿಸಿಗೆ ಒಪ್ಪಿಸಿದ ಬದಲಿಗೆ, ವರ್ಷಕ್ಕೆ ಸರಾಸರಿ ಐದು ಎಸಿಸಿ ತಂಡಗಳ ಜೊತೆ ಫುಟ್‌ಬಾಲ್ ಆಡುವ ಒಪ್ಪಂದ. ನೇವಿ ಹಳೆಯ ನಂಟು, ಅದು ಬಿಡುವುದಿಲ್ಲ. ಅಲ್ಲಿಗೆ ಆರಾಯಿತು. ಎಸ್‌ಇಸಿ ತನ್ನ ತಂಡಗಳು ಪ್ರತಿ ವರ್ಷ ಹೊರಗಿನ ಒಂದಾದರೂ ಬಲಿಷ್ಠ ತಂಡವನ್ನು ಎದುರಿಸಲೇಬೇಕೆಂದು ನಿಯಮ ಮಾಡಿದಾಗ, ಆ ಬಲಿಷ್ಠರ ಪಟ್ಟಿಯಲ್ಲಿ ನೋಟರ್ ಡೇಮ್ ಹೆಸರನ್ನೂ ಸೇರಿಸಿದೆ. ಒಂದೆರಡು ಅಲ್ಲಿಂದ ಸಿಗುತ್ತವೆ, ಆದರೆ ಸೆಪ್ಟೆಂಬರ್‌ನಲ್ಲಿ.

ಹಾಗಾಗಿ ನನ್ನ ಕಣ್ಣಿರುವುದು 2030ರ ಆಸುಪಾಸಿನ ಮೇಲೆ. ಎನ್‌ಬಿಸಿ ಕರಾರು ಮುಗಿಯುವುದು, ಬಿಗ್ ಟೆನ್‌ನ 700 ಕೋಟಿ ಡಾಲರ್ ಮೀರಿದ ಟಿವಿ ಒಪ್ಪಂದ ಮುಗಿಯುವುದು, ಎರಡೂ ಅದೇ ಹೊತ್ತಿಗೆ. ಫ್ಲಾರಿಡಾ ಸ್ಟೇಟ್, ಕ್ಲೆಮ್ಸನ್ ತಮ್ಮದೇ ಎಸಿಸಿ ಮೇಲೆ ಹೂಡಿದ್ದ ಮೊಕದ್ದಮೆಗಳು 2025ರಲ್ಲಿ ರಾಜಿಯಾದಾಗ, ಎಸಿಸಿ ಬಿಡುವ ದಂಡ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ 2030-31ಕ್ಕೆ 7.5 ಕೋಟಿ ಡಾಲರ್‌ಗೆ ಬರುವಂತೆ ಆಯಿತು. ಈ ಇಬ್ಬರು ಎದ್ದು ಹೋದರೆ ಆ ಐದು ಪಂದ್ಯಗಳ ತೂಕ ಎಷ್ಟು ಉಳಿದೀತು? ಪ್ಲೇಆಫ್ ಪಟ್ಟಿ ಸಿದ್ಧವಾಗುವ ದಿನಗಳಲ್ಲಿ ಎಸಿಸಿ, ಈಗ ತನ್ನಲ್ಲೇ ಇರುವ ಮಯಾಮಿ ಪರವಾಗಿ ಬಹಿರಂಗವಾಗಿಯೇ ಪ್ರಚಾರ ಮಾಡಿದ್ದನ್ನು ಸೌತ್ ಬೆಂಡ್‌ನವರು ಮರೆತಿಲ್ಲ. ಆದರೂ ಒಪ್ಪಂದದ ಪ್ರಕಾರ, 2036ರೊಳಗೆ ಫುಟ್‌ಬಾಲ್‌ಗೆ ಕಾನ್ಫರೆನ್ಸ್ ಸೇರುವುದಾದರೆ ಸೇರಬೇಕಾದ್ದು ಎಸಿಸಿಯನ್ನೇ.

ಸದ್ಯಕ್ಕೆ ಯುಎಸ್‌ಸಿ ತೆರವು ಮಾಡಿದ ಜಾಗಕ್ಕೆ 2026 ಮತ್ತು 2027ರಲ್ಲಿ ಬರುತ್ತಿರುವುದು ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಒಳ್ಳೆಯ ತಂಡ, ಒಳ್ಳೆಯ ಆಟವೇ ಆಗುತ್ತದೆ. ಅವರೂ 2011ರಿಂದ ಹನ್ನೆರಡು ಸೀಸನ್ ಒಂಟಿಯಾಗಿಯೇ ಆಡಿದವರು. ಬಿಗ್ 12 ಕರೆಯಿತು, 2023ರಲ್ಲಿ ಹೋಗಿಬಿಟ್ಟರು.