ಸೋರಿಕೆ ನಿಂತಿತು, ಬಿರುಕು ನಿಲ್ಲಲಿಲ್ಲ

ತಾನು ಸುರಕ್ಷಿತವೆಂದು ಹೇಳಿಕೊಳ್ಳುವ ಸಣ್ಣ ವಿಮಾನ ಸಂಸ್ಥೆ ಸಾಮಾನ್ಯವಾಗಿ ಮುಂದಿಡುವ ಆಧಾರ ಒಂದೇ: ಇದುವರೆಗೆ ನಮ್ಮ ಒಬ್ಬ ಪ್ರಯಾಣಿಕರೂ ಸತ್ತಿಲ್ಲ ಎಂಬುದು. ಈ ಮಾತು ನಿಜವೇ ಇರಬಹುದು. ಆದರೆ ಅದು ಸುರಕ್ಷತೆಗೆ ಪುರಾವೆಯಾಗುತ್ತದೆಯೇ? ಅಮೆರಿಕದ ಚಾಕ್ಸ್ ಓಷನ್ ಏರ್‌ವೇಸ್ ಎಂಬ ಸಂಸ್ಥೆಯ ದಾಖಲೆಯನ್ನು ಈ ಪ್ರಶ್ನೆಯೊಂದಿಗೆ ಪರಿಶೀಲಿಸೋಣ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಆರಂಭವಾದ ಈ ಸಂಸ್ಥೆ, ನೀರಿನ ಮೇಲೂ ಇಳಿಯಬಲ್ಲ ವಿಮಾನಗಳಲ್ಲಿ ಫ್ಲಾರಿಡಾದಿಂದ ಬಹಾಮಾಸ್ ದ್ವೀಪಗಳಿಗೆ ಜನರನ್ನು ಕರೆದೊಯ್ಯುತ್ತಿತ್ತು. 1994ರಲ್ಲಿ ಅದರ ಇಬ್ಬರು ಚಾಲಕರು ಅಪಘಾತದಲ್ಲಿ ಮಡಿದಿದ್ದರು. ಆದರೆ ದಶಕಗಳ ಕಾಲ ಪ್ರಯಾಣಿಕರ ಸಾವಿಲ್ಲ ಎಂಬ ಹೆಗ್ಗಳಿಕೆ ಅದಕ್ಕಿತ್ತು. 2005ರ ಡಿಸೆಂಬರ್ 19ರಂದು ಅದೂ ಕೊನೆಗೊಂಡಿತು. ಮಯಾಮಿಯಿಂದ ಬಿಮಿನಿಗೆ ಹೊರಟ ಗ್ರಮ್ಮನ್ ಮ್ಯಾಲರ್ಡ್ ವಿಮಾನ ನೀರಿನಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಅದರ ಬಲರೆಕ್ಕೆ ಕಳಚಿಬಿತ್ತು. 18 ಪ್ರಯಾಣಿಕರು ಮತ್ತು ಇಬ್ಬರು ಚಾಲಕರು ಸತ್ತರು. ವಿಮಾನ ತಯಾರಾದದ್ದು 1947ರಲ್ಲಿ.

ಕಾರಣ ಬಿರುಗಾಳಿಯಲ್ಲ, ಚಾಲಕರ ತಪ್ಪೂ ಅಲ್ಲ, ಲೋಹದ ದಣಿವು. ಒಂದು ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುವುದಿಲ್ಲ, ಮತ್ತೆ ಮತ್ತೆ ಬಾಗಿಸಿದರೆ ಮುರಿಯುತ್ತದೆ ಎಂಬುದನ್ನು ನೀವು ಕಂಡಿದ್ದೀರಿ. ಹಾರಾಟದಲ್ಲಿ ರೆಕ್ಕೆ ಮೇಲಕ್ಕೆ ಬಾಗುವುದರಿಂದ ಅದರ ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಪ್ರತಿ ಹಾರಾಟದಲ್ಲೂ ಈ ಎಳೆತ ಬಂದು ಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಮುಂದುವರಿಯುತ್ತದೆ. ಬಿರುಕು ಉದ್ದವಾದಷ್ಟೂ ಅದು ಬೆಳೆಯುವ ವೇಗ ಹೆಚ್ಚುತ್ತದೆ. ಆದ್ದರಿಂದ ವರ್ಷಗಟ್ಟಲೆ ಏನೂ ಆಗದಂತೆ ಕಾಣುವ ರೆಕ್ಕೆ ಕೊನೆಗೆ ಒಂದು ಮಾಮೂಲಿ ಹಾರಾಟದಲ್ಲೇ ಮುರಿಯಬಹುದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಂಥ ಕಡೆ ವಿಮಾನದ ಭಾಗಗಳಿಗೆ ಸಾವಿರಾರು ಬಾರಿ ಬಲ ಹಾಕಿ ಪರೀಕ್ಷಿಸುವುದು ಈ ವರ್ತನೆಯನ್ನು ತಿಳಿಯುವುದಕ್ಕಾಗಿಯೇ.

ಬಿರುಕು ಯಾವ ಸುಳಿವನ್ನೂ ಕೊಡಲಿಲ್ಲವೇ? ಕೊಟ್ಟಿತ್ತು. ಮ್ಯಾಲರ್ಡ್ ವಿಮಾನದಲ್ಲಿ ರೆಕ್ಕೆಯ ಚೌಕಟ್ಟೇ ಇಂಧನದ ತೊಟ್ಟಿಯ ಗೋಡೆ. ಗೋಡೆ ಸೋರಿದರೆ ಚೌಕಟ್ಟಿನಲ್ಲೇ ದೋಷವಿರಬಹುದು ಎಂದರ್ಥ. ಈ ವಿಮಾನದ ರೆಕ್ಕೆಯಿಂದ ಇಂಧನ ಮತ್ತೆ ಮತ್ತೆ ಸೋರಿತ್ತು. ಸೋರಿಕೆಗೆ ಮೇಣದಂಥ ಅಂಟು ಬಳಿಯಲಾಗಿತ್ತು, ಬಿರಿದ ಹೊದಿಕೆಗೆ ತೇಪೆ ಹಾಕಲಾಗಿತ್ತು. ಒಳಗಿನ ತೊಲೆಯ ಬಿರುಕು ಹಾಗೆಯೇ ಉಳಿಯಿತು. ಸೋರುವ ನೀರಿನ ಟ್ಯಾಂಕಿಗೆ ಎಂ-ಸೀಲ್ ಮೆತ್ತಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಗೋಡೆ ಗಟ್ಟಿಯಾಗುವುದಿಲ್ಲ. ಇಲ್ಲಿ ಅಂಟು ಇನ್ನೊಂದು ಕೆಡುಕನ್ನೂ ಮಾಡಿತು. ಎಚ್ಚರಿಕೆಯ ಚಿಹ್ನೆಯನ್ನೇ ಅದು ಮುಚ್ಚಿಹಾಕಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ನಿಯಮವಿದೆ. ಹತ್ತು ಸಾವಿರ ಹಾರಾಟಗಳು ಅಪಘಾತವಿಲ್ಲದೆ ಮುಗಿದರೆ, ಶೇಕಡಾ 95ರ ಭರವಸೆಯಿಂದ ನಾವು ಹೇಳಬಹುದಾದದ್ದು ಇಷ್ಟೇ: ಅಪಘಾತದ ಪ್ರಮಾಣ ಹತ್ತು ಸಾವಿರಕ್ಕೆ ಮೂರಕ್ಕಿಂತ ಕಡಿಮೆ. ದೊಡ್ಡ ಸಂಸ್ಥೆಗಳ ಜೆಟ್ ವಿಮಾನಗಳಲ್ಲಿ ಇಂದು ಸಾವು ಸಂಭವಿಸುವ ಅಪಘಾತ ಹತ್ತು ಲಕ್ಷ ಹಾರಾಟಗಳಿಗೆ ಒಂದಕ್ಕಿಂತಲೂ ಕಡಿಮೆ. ಅಂದರೆ, ಹತ್ತು ಸಾವಿರ ನಿರಪಾಯ ಹಾರಾಟಗಳ ದಾಖಲೆಯುಳ್ಳ ಸಣ್ಣ ಸಂಸ್ಥೆಯೊಂದು ದೊಡ್ಡವರಿಗಿಂತ ನೂರಾರು ಪಟ್ಟು ಅಪಾಯಕಾರಿಯಾಗಿದ್ದರೂ ಆ ದಾಖಲೆಯಲ್ಲಿ ಅದು ಕಾಣಿಸದೆ ಹೋಗಬಹುದು. ಸಣ್ಣ ಸಂಸ್ಥೆಯ ಸುರಕ್ಷತೆಯನ್ನು ಅಳೆಯಬೇಕಾದದ್ದು ಅಪಘಾತಗಳ ಎಣಿಕೆಯಿಂದಲ್ಲ, ದುರಸ್ತಿಯ ಪುಸ್ತಕದಿಂದ. ಅದೇ ದೋಷ ಎಷ್ಟು ಸಲ ಬರೆಯಲ್ಪಟ್ಟಿದೆ? ಪ್ರತಿ ಸಲ ಕಾರಣ ಹುಡುಕಿದರೇ, ಲಕ್ಷಣವನ್ನಷ್ಟೇ ಅಡಗಿಸಿದರೇ?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರ ವರದಿಯಲ್ಲಿ ಎರಡು ವೈಫಲ್ಯಗಳನ್ನು ಹೆಸರಿಸಿತು. ಬಿರುಕುಗಳನ್ನು ಗುರುತಿಸಿ ಸರಿಪಡಿಸಲಾಗದ ಸಂಸ್ಥೆಯ ನಿರ್ವಹಣಾ ವ್ಯವಸ್ಥೆ ಮೊದಲನೆಯದು. ಆ ವ್ಯವಸ್ಥೆಯ ಕೊರತೆಗಳನ್ನು ಕಂಡು ತಿದ್ದದ ಕೇಂದ್ರ ವಿಮಾನಯಾನ ಆಡಳಿತ ಎರಡನೆಯದು. ಈ ತೀರ್ಪು ಸರಿಯಾದದ್ದೇ. ಆದರೆ ಓದುಗರು ಇನ್ನೊಂದು ಅಂಶವನ್ನೂ ಗಮನಿಸಬೇಕು. 1988ರಲ್ಲಿ ಹವಾಯಿಯಲ್ಲಿ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ ವಿಮಾನದ ಮೇಲ್ಛಾವಣಿಯ ಭಾಗವೊಂದು ಕಿತ್ತುಹೋದ ಮೇಲೆ, 1991ರಲ್ಲಿ ಹಳೆಯ ವಿಮಾನಗಳ ಸುರಕ್ಷತೆಗೆಂದೇ ಕಾನೂನು ಬಂತು. ಅದರಡಿ ರೂಪುಗೊಂಡ ನಿಯಮಗಳು ಬಿರುಕು ಹುಡುಕುವ ವಿಶೇಷ ತಪಾಸಣೆಗಳನ್ನು ವಿಧಿಸಿದವು. ಆದರೆ ಮ್ಯಾಲರ್ಡ್‌ನಂಥ ಅತಿ ಹಳೆಯ, ಸಣ್ಣ ವಿಮಾನಗಳಿಗೆ ಅವುಗಳಿಂದ ವಿನಾಯಿತಿ ಸಿಕ್ಕಿತು. ತಪಾಸಣೆ ಯಾವ ವಿಮಾನಕ್ಕೆ ಹೆಚ್ಚು ಬೇಕಿತ್ತೋ ಅದನ್ನೇ ನಿಯಮ ಹೊರಗಿಟ್ಟಿತು! ಕೆಲವೇ ವಿಮಾನಗಳುಳ್ಳ ಸಂಸ್ಥೆಗೆ ಖರ್ಚು ಹೊರೆಯಾಗುತ್ತದೆ ಎಂಬ ವಾದವನ್ನು ಒಪ್ಪಬಹುದು. ಆದರೆ ಖರ್ಚು ಕಡಿಮೆಯಾದ ಮಾತ್ರಕ್ಕೆ ಲೋಹದ ದಣಿವು ಕಡಿಮೆಯಾಗುವುದಿಲ್ಲ.

ಚಾಕ್ಸ್ ಸಂಸ್ಥೆಯ ಹಾರಾಟ 2007ರಲ್ಲಿ ನಿಂತಿತು. ಸಣ್ಣ ವಿಮಾನಗಳು ದ್ವೀಪಗಳಿಗೂ ದೂರದ ಊರುಗಳಿಗೂ ಅಗತ್ಯವೇ. ಅವನ್ನು ನಿಲ್ಲಿಸಬೇಕೆಂಬುದು ನನ್ನ ವಾದವಲ್ಲ. ಹತ್ತೊಂಬತ್ತು ಆಸನಗಳ ವಿಮಾನಕ್ಕೂ ನೂರೈವತ್ತು ಆಸನಗಳ ವಿಮಾನಕ್ಕೂ ಬಿರುಕಿನ ನಿಯಮ ಒಂದೇ. ತಪಾಸಣೆಯ ನಿಯಮವೂ ಒಂದೇ ಆಗಿರಬೇಕು. ಇಷ್ಟನ್ನು ಕೇಳಲು ನೀವು ಎಂಜಿನಿಯರ್ ಆಗಿರಬೇಕಾಗಿಲ್ಲ.